ಹೊರಗೆ ತೆಗೆಯದೆ ಉಳಿದ ಎರಡು ಡಿಸ್ಕ್

ನನ್ನ ಪೂರ್ಣ ಹೆಸರನ್ನು ಬರಹದ ಪೇದೆಯವರು ಮೇಲಿನ ಅಂಕಣದಲ್ಲಿ ಬರೆದುಕೊಂಡಿದ್ದಾರೆ. ಕೆಲಸದ ಜಾಗಗಳಲ್ಲಿ ಎಲ್ಲರೂ ನನ್ನನ್ನು ತಂತಿಯಕ್ಕ ಎಂದೇ ಕರೆಯುತ್ತಾರೆ. ವಯಸ್ಸು 44 ವರ್ಷ. ಉದ್ಯೋಗ: ಕಚೇರಿ, ಕಾರ್ಖಾನೆಗಳಲ್ಲಿ ಸರ್ವರ್ ಯಂತ್ರಗಳನ್ನು ಕೂರಿಸಿ ಅವುಗಳಿಗೆ ನೆಟ್‌ವರ್ಕ್ ಆಪರೇಟಿಂಗ್ ಸಿಸ್ಟಂ ಹಾಕಿಕೊಡುವುದು, ಅನುಭವ 19 ವರ್ಷ. ವಾಸ: ಗಡಿಯಾರ ದುರಸ್ತಿ ಅಂಗಡಿಯ ಮೇಲಿನ ಮಹಡಿ, ಈ ಠಾಣೆಯಿಂದ 1.2 ಕಿ.ಮೀ. ಈ ಮೂಲಕ, ಯಾರೂ ಕರೆಸದೆ ನಾನಾಗಿಯೇ ಬಂದು ತಿಳಿಸುವುದೇನೆಂದರೆ:

ಪ್ಲೈವುಡ್ ಕಾರ್ಖಾನೆಯಿಂದ ಕಾಣೆಯಾಗಿವೆ ಎನ್ನಲಾದ ಎರಡು ಡಿಸ್ಕ್‌ಗಳು ಕಾಣೆಯಾಗಿಲ್ಲ. ಅವನ್ನು ನನ್ನ ಮೈದುನ ಕದ್ದಿಲ್ಲ. ಅವು ಕಾರ್ಖಾನೆಯ ಹೊಸ ಸರ್ವರ್ ಒಳಗೇ ಇವೆ, ಮತ್ತು ಆ ಸರ್ವರನ್ನು ಈ ಕ್ಷಣ ಆರಿಸಬೇಕು. ಇಂದು ಬೆಳಿಗ್ಗೆ 11.30ಕ್ಕೆ ಎಲೆಕ್ಟ್ರಿಷಿಯನ್ ಆರು ಕ್ಯಾಮೆರಾಗಳನ್ನು ಅದಕ್ಕೆ ಜೋಡಿಸುತ್ತಾನೆ. ಜೋಡಿಸಿದರೆ ಹಳೆಯದರ ಮೇಲೆ ಹೊಸದು ಬರೆದುಕೊಂಡು ಹೋಗುತ್ತದೆ, ಆಮೇಲೆ ಯಾರು ತಲೆಕೆಳಗಾಗಿ ನಿಂತರೂ ಹಳೆಯದು ಸಿಗದು. ಇದನ್ನು ನಾನು 9.40ಕ್ಕೆ ಠಾಣೆಯ ಬಾಗಿಲಲ್ಲೇ ಹೇಳಿದೆ. ಹೇಳಿಕೆ ಪೂರ್ತಿಯಾಗದೆ ಠಾಣೆಯ ಸಾಹೇಬರು ಎಲ್ಲಿಗೂ ಫೋನ್ ಮಾಡಲಾಗದು, ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳಬೇಕು ಎಂದು ಪೇದೆಯವರು ತಿಳಿಸಿದರು. ಈಗ ಸಮಯ 10.15. ಆದ್ದರಿಂದ ಕ್ರಮದಲ್ಲೇ ಹೇಳುತ್ತೇನೆ, ಅವರು ದಯವಿಟ್ಟು ಸ್ವಲ್ಪ ಬೇಗ ಬರೆಯಲಿ.

ನನ್ನ ಮೈದುನ ಎಂದರೆ ನನ್ನ ಗಂಡನ ಒಬ್ಬನೇ ತಮ್ಮ, ವಯಸ್ಸು 38, ಆ ಕಾರ್ಖಾನೆಯ ದಾಖಲೆ ಕೋಣೆಯ ಉಸ್ತುವಾರಿ. ಅವನು ಅಂಗಡಿಯಿಂದ ತಂದ ಹಾಲಿನ ಪ್ಯಾಕೆಟ್‌ನ ದಿನಾಂಕವನ್ನು ಎರಡು ಸಲ ಓದುವಂಥವನು. ಬೀಗ ಹಾಕಿದ ಬಾಗಿಲನ್ನು ಮೂರು ಸಲ ಎಳೆದು ನೋಡುತ್ತಾನೆ. ಮನೆಯಲ್ಲಿ ನಾವೆಲ್ಲ ಅದಕ್ಕೆ ನಗುತ್ತೇವೆ. ಅವನು ಹೇಳಿದ್ದರಿಂದಲೇ ಕಾರ್ಖಾನೆಯ ಸರ್ವರ್ ಕೆಲಸ ನನಗೆ ಬಂತು.

ಕಳೆದ ಶುಕ್ರವಾರ ಮಧ್ಯಾಹ್ನ ಕಾರ್ಖಾನೆಯ ಬಿಸಿ ಒತ್ತು ಯಂತ್ರದಲ್ಲಿ ಕೆಲಸದಾಕೆಯೊಬ್ಬಳ ಬಲಗೈ ಸಿಕ್ಕಿಕೊಂಡು ಮೂರು ಬೆರಳು ಹೋದವು. ಯಂತ್ರದ ರಕ್ಷಣಾ ಬಾಗಿಲು ಮೊದಲೇ ಮುರಿದಿತ್ತೆಂದು ಅವಳ ಕಡೆಯವರು, ಅವಳೇ ತೆರೆದಳೆಂದು ಮ್ಯಾನೇಜರ್. ಯಾವುದು ನಿಜವೆಂಬುದು ಕ್ಯಾಮೆರಾದ ದೃಶ್ಯದಲ್ಲಿತ್ತು, ಆ ದೃಶ್ಯ ಹಳೆಯ ಸರ್ವರಿನ ಎರಡು ಡಿಸ್ಕ್‌ಗಳಲ್ಲಿತ್ತು. ಹಳೆಯ ಸರ್ವರ್ ಶನಿವಾರ ಕೆಟ್ಟು ನಿಂತಿತು. ಸೋಮವಾರ ನಾನು ಆ ಎರಡು ಡಿಸ್ಕ್‌ಗಳನ್ನು ಹೊಸ ಯಂತ್ರದ ಒಂದು ಮತ್ತು ಎರಡನೆಯ ಗೂಡಿಗೆ ಹಾಕಿ, ನನ್ನ ಪೆನ್‌ಡ್ರೈವಿನಲ್ಲಿರುವ ಪರೀಕ್ಷೆಯ ಸಿಸ್ಟಂನಿಂದ ಯಂತ್ರ ನಡೆಸಿ, ಓದಲು ಬರುತ್ತವೆಯೇ ಎಂದು ಪರೀಕ್ಷಿಸಿದೆ. ಬಂದವು. ದೃಶ್ಯ ಸರಿಯಾಗಿತ್ತು. ನಾನು ಅದನ್ನು ಪೂರ್ತಿ ನೋಡಲಿಲ್ಲ, ಅವಳು ಯಂತ್ರದ ಕಡೆ ನಡೆದು ಬರುವವರೆಗೆ ನೋಡಿ ಮುಚ್ಚಿದೆ.

ಮಂಗಳವಾರ ಬೆಳಿಗ್ಗೆ 9.10ಕ್ಕೆ ನಾನು ದಾಖಲೆ ಕೋಣೆಗೆ ಹೋದೆ. ಕೋಣೆ ಹತ್ತು ಅಡಿಗೆ ಎಂಟು ಅಡಿ, ಕಿಟಕಿ ಇಲ್ಲ, ಗೋಡೆಯಾಚೆ ಒತ್ತು ಯಂತ್ರಗಳು. ಪ್ರತಿ ನಲವತ್ತು ಸೆಕೆಂಡಿಗೊಮ್ಮೆ ನೆಲ ನಡುಗುತ್ತದೆ. ಹೊಸ ಆಪರೇಟಿಂಗ್ ಸಿಸ್ಟಂ ಹಾಕುವ ದಿನ ನಮ್ಮ ಕಸುಬಿನಲ್ಲಿ ಒಂದು ಕಟ್ಟುನಿಟ್ಟಿದೆ. ಉಳಿಸಿಕೊಳ್ಳಬೇಕಾದ ಡಿಸ್ಕ್ ಏನೇ ಇದ್ದರೂ ಮೊದಲು ಅದನ್ನು ಗೂಡಿನಿಂದ ಎಳೆದು ಹೊರಗಿಡಬೇಕು, ಕೋಣೆಯ ಉಸ್ತುವಾರಿಯ ಡ್ರಾಯರಿನಲ್ಲಿ ಹಾಕಬೇಕು, ಅವರು ಬೀಗ ಹಾಕಿ ರಿಜಿಸ್ಟರಿನಲ್ಲಿ ಸಹಿ ಮಾಡಬೇಕು, ಆಮೇಲಷ್ಟೇ ಹೊಸದನ್ನು ಹಾಕಲು ಮುಟ್ಟಬೇಕು. ನನಗೆ ಕೆಲಸ ಕಲಿಸಿದ ಮೇಸ್ತ್ರಿ ಇದನ್ನು ಮೊದಲ ದಿನವೇ ತಲೆಗೆ ಕುಟ್ಟಿ ಕಲಿಸಿದ್ದರು. ಹತ್ತೊಂಬತ್ತು ವರ್ಷದಲ್ಲಿ ಒಂದು ದಿನವೂ ನಾನು ಇದನ್ನು ತಪ್ಪಿಸಿರಲಿಲ್ಲ.

ಆ ದಿನ ಸಿಸ್ಟಂ ಹಾಕಲು ಆರಂಭಿಸಿದರೆ ಪರದೆಯ ಮೇಲೆ ಯಾವ ಡಿಸ್ಕೂ ಇಲ್ಲವೆಂದು ಬಂತು. ಯಂತ್ರದೊಳಗೆ ಡಿಸ್ಕ್‌ಗಳನ್ನು ಹಿಡಿದು ನಡೆಸುವ ಕಾರ್ಡ್ ಹೊಸ ಮಾದರಿಯದು, ಅದಕ್ಕೆ ಬೇಕಾದ ಡ್ರೈವರ್ ಸೋಮವಾರದ ಪರೀಕ್ಷೆಯ ಸಿಸ್ಟಂನಲ್ಲಿತ್ತು, ಈಗ ಹಾಕುವ ಸಿಸ್ಟಂನಲ್ಲಿ ಇರಲಿಲ್ಲ. ಡ್ರೈವರ್ ಎಂದರೆ ಏನೆಂದು ಪೇದೆಯವರು ಕೇಳಿದರು. ಅದೊಂದು ಸಣ್ಣ ತಂತ್ರಾಂಶ. ಕಾರ್ಡ್ ಆಡುವ ಮಾತನ್ನು ಸಿಸ್ಟಂಗೆ ತಿಳಿಸುತ್ತದೆ. ಅದಿಲ್ಲದಿದ್ದರೆ ಎದುರಿಗೆ ಆರು ಡಿಸ್ಕ್ ಇದ್ದರೂ ಸಿಸ್ಟಂ ಕುರುಡು. ಪೆಟ್ಟಿಗೆಯ ಜೊತೆ ಬಂದಿದ್ದ ಡ್ರೈವರ್ ಹಿಂದಿನ ಮಾದರಿಯದು. ಅದನ್ನು ಮೂರು ಸಲ ಹಾಕಿದೆ, ಮೂರು ಸಲವೂ ಯಂತ್ರ ನಿಂತಿತು. 10.20ಕ್ಕೆ ಮನೆಗೆ ಓಡಿ ಇನ್ನೊಂದನ್ನು ತಂದೆ, ಹೋಗಿಬರಲು 7 ಕಿ.ಮೀ. ಅದೂ ಹಿಡಿಸಲಿಲ್ಲ. ಅಷ್ಟರಲ್ಲಿ ಮ್ಯಾನೇಜರ್ ಐದು ಸಲ ಬಂದು ಹೋದರು. ಪ್ರತಿ ಸಲವೂ ಬಾಗಿಲಲ್ಲಿ ನಿಂತು ಎಷ್ಟು ಹೊತ್ತಾಗುತ್ತದೆ ಎಂದು ಕೇಳುತ್ತಿದ್ದರು, ನಾನು ಅರ್ಧ ಗಂಟೆ ಎನ್ನುತ್ತಿದ್ದೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಇದು ನನ್ನನ್ನು ಬಲ್ಲ ಎಲ್ಲರಿಗೂ ಗೊತ್ತು.

12.05ಕ್ಕೆ ಮೈದುನ ರಿಜಿಸ್ಟರ್ ಹಿಡಿದು ಬಂದ. ನಾನು ನೆಲದ ಮೇಲೆ ಕೂತು ತಲೆಯನ್ನು ಯಂತ್ರದ ಹಿಂದೆ ತೂರಿಸಿದ್ದೆ. ಡಿಸ್ಕ್ ತೆಗೆಯುವುದು ನನಗೆ ನೆನಪಿತ್ತು. ಪರದೆಯಲ್ಲಿ ಕಾಣದ ಡಿಸ್ಕನ್ನು ಅಳಿಸುವುದಾದರೂ ಹೇಗೆ, ಡ್ರೈವರ್ ಸಿಕ್ಕ ಮೇಲೆ ಎರಡೇ ನಿಮಿಷದಲ್ಲಿ ತೆಗೆದರಾಯಿತು ಎಂದು ಮನಸ್ಸಿನಲ್ಲಿ ಅಂದುಕೊಂಡಿದ್ದೆ. ಆಗ ಆಡಿದ ಮಾತನ್ನು ಆಡಿದಂತೆಯೇ ಬರೆಯಬೇಕೆಂದು ಕೋರುತ್ತೇನೆ. ಅವನು, "ಅತ್ತಿಗೆ, ಹಳೇ ಡಿಸ್ಕ್ ತೆಗೆದು ಡ್ರಾಯರಿಗೆ ಹಾಕಿದ್ರಾ?" ಎಂದ. ನಾನು, "ಆಯ್ತು ಕಣೋ, ಬೀಗ ಹಾಕಿ ಸಹಿ ಮಾಡ್ಕೊಂಡು ಹೋಗು, ತಲೆ ತಿನ್ಬೇಡ," ಎಂದೆ. ನನ್ನ ಬೆನ್ನ ಹಿಂದೆ ಡ್ರಾಯರಿಗೆ ಬೀಗ ಬಿದ್ದ ಸದ್ದು, ಅದನ್ನು ಮೂರು ಸಲ ಎಳೆದು ನೋಡಿದ ಸದ್ದು ಕೇಳಿತು. ಡ್ರಾಯರ್ ಖಾಲಿ ಇತ್ತು. ಅವನು ಸಹಿ ಮಾಡಿ, ಊಟ ಆಯಿತೇ ಎಂದು ಕೇಳಿ, ನಾನು ತಿರುಗಿ ನೋಡದೆ ಕೈ ಬೀಸಿದ್ದರಿಂದ ಹೊರಟುಹೋದ.

12.30ಕ್ಕೆ ಕಾರ್ಡ್ ತಯಾರಿಸಿದವರ ಜಾಲತಾಣದಿಂದ ಸರಿಯಾದ ಡ್ರೈವರ್ ಇಳಿಸಿಕೊಂಡೆ. 12.38ಕ್ಕೆ ಅದು ಹಿಡಿಯಿತು. ಪರದೆಯ ಮೇಲೆ ಡಿಸ್ಕ್‌ಗಳು ಒಮ್ಮೆಲೇ ಎರಡು ಸಾಲಾಗಿ ಮೂಡಿದವು. ಮೂರು ಗಂಟೆ ಕುರುಡಾಗಿದ್ದದ್ದು ಕಣ್ಣು ಬಿಟ್ಟಿತಲ್ಲ ಎಂಬ ಖುಷಿಯಲ್ಲಿ ಉಳಿದದ್ದೆಲ್ಲ ಮರೆತೆ. ಹೊಸ ಯಂತ್ರವೆಂದರೆ ಸಿಸ್ಟಂ ಹಾಕುವುದು ಮೊದಲ ಸಾಲಿಗೆ, ಇದು ನನ್ನ ಬೆರಳಿನ ಅಭ್ಯಾಸ, ಅದನ್ನೇ ಒತ್ತಿದೆ. ಆದರೆ ಆ ದಿನ ಮೊದಲ ಸಾಲು ಹಳೆಯ ಜೋಡಿ, ಎರಡನೆಯದು ಹೊಸ ನಾಲ್ಕು. ಪಕ್ಕದಲ್ಲಿ ಗಾತ್ರವೂ ಬರೆದಿತ್ತು. ನಾನು ಓದಲಿಲ್ಲ. ಇದರಲ್ಲಿರುವುದೆಲ್ಲ ಅಳಿಯುತ್ತದೆ, ಮುಂದುವರಿಯಲೇ ಎಂದು ಯಂತ್ರ ಕೇಳಿತು. 12.41ಕ್ಕೆ ಹೌದು ಎಂದು ಒತ್ತಿದೆ. ಆ ಹೊತ್ತೂ ನನ್ನ ಲಾಗಿನ್ನೂ ಯಂತ್ರದ ದಿನಚರಿಯಲ್ಲಿ ದಾಖಲಾಗಿವೆ, ಯಾರು ಬೇಕಾದರೂ ನೋಡಬಹುದು. 2.15ಕ್ಕೆ ನೆಟ್‌ವರ್ಕ್ ಕಾರ್ಡಿನ ಡ್ರೈವರನ್ನೂ ಹಾಕಿ, ಕಚೇರಿಯ ಒಂಬತ್ತು ಕಂಪ್ಯೂಟರ್‌ಗಳು ಸರ್ವರಿಗೆ ಸೇರಿದ್ದನ್ನು ಖಚಿತಪಡಿಸಿಕೊಂಡು, ಬಹಳ ಹೆಮ್ಮೆಯಿಂದ ಮನೆಗೆ ಹೋದೆ.

ಬುಧವಾರ ಮಧ್ಯಾಹ್ನ 3 ಗಂಟೆಗೆ ಅಪಘಾತದ ವಿಚಾರಣಾಧಿಕಾರಿ ದೃಶ್ಯ ಪಡೆಯಲು ಕಾರ್ಖಾನೆಗೆ ಬಂದರೆಂದು, ಎಲ್ಲರ ಎದುರು ಡ್ರಾಯರ್ ತೆರೆದಾಗ ಅದು ಖಾಲಿ ಇತ್ತೆಂದು ಆಮೇಲೆ ತಿಳಿಯಿತು. 4.30ಕ್ಕೆ ಮ್ಯಾನೇಜರ್ ನನಗೆ ಫೋನ್ ಮಾಡಿ, ಡಿಸ್ಕ್‌ಗಳನ್ನು ಮೈದುನನಿಗೆ ಒಪ್ಪಿಸಿದ್ದು ನಿಜವೇ ಎಂದು ಕೇಳಿದರು. ನಾನು ಬೇರೆ ಕಡೆ ಏಣಿಯ ಮೇಲಿದ್ದೆ. ರಿಜಿಸ್ಟರಿನಲ್ಲಿ ಸಹಿ ಇದೆಯಲ್ಲ, ಕೊಟ್ಟಾಗಿದೆ, ಇನ್ನೇನು ಬೇಕು ಎಂದು ಹೇಳಿ ಇಟ್ಟುಬಿಟ್ಟೆ. ಆ ಹೊತ್ತಿನಲ್ಲಿ ಕೊಟ್ಟಿದ್ದೇನೆಂದೇ ನಾನು ನಂಬಿದ್ದೆ. ಈ ಮಾತಿನ ಆಧಾರದ ಮೇಲೆಯೇ ಮ್ಯಾನೇಜರ್ ದೂರು ಕೊಟ್ಟದ್ದು ಎಂದು ಸಾಹೇಬರು ಇಂದು ನನಗೆ ತಿಳಿಸಿದರು.

ಇಂದು ಗುರುವಾರ ಬೆಳಿಗ್ಗೆ 7.20ಕ್ಕೆ ನನ್ನ ಓರಗಿತ್ತಿ, ಅಂದರೆ ಮೈದುನನ ಹೆಂಡತಿ, ನಮ್ಮ ಮನೆಗೆ ಬಂದಳು. ಚಪ್ಪಲಿ ಬೇರೆ ಬೇರೆ ಜೊತೆಯವು. ನಿನ್ನೆ ಸಂಜೆ 6ಕ್ಕೆ ಪೊಲೀಸರು ಬಂದು ಹಿಟ್ಟಿನ ಡಬ್ಬವನ್ನೂ ಬಿಡದೆ ಹುಡುಕಿದರು, ಗಂಡನನ್ನು ಕರೆದೊಯ್ದರು ಎಂದಳು. ಮಾಲೀಕರ ಕಡೆಯವನು ಎಂದು ಕೆಲಸಗಾರರು, ಕೆಲಸಗಾರರ ಕಡೆಯವನು ಎಂದು ಮಾಲೀಕರು, ಒಟ್ಟಿನಲ್ಲಿ ಮಾರಿಕೊಂಡವನು ಎಂದು ಬೀದಿಯವರೆಲ್ಲ ಆಡಿಕೊಳ್ಳುತ್ತಿದ್ದಾರಂತೆ. ಅವಳು ನನ್ನ ಕೈ ಹಿಡಿದು, ನಿಮಗೆ ಯಂತ್ರದ ವಿಷಯ ಗೊತ್ತಲ್ಲ ಅಕ್ಕ, ಏನಾದರೂ ದಾರಿ ಹುಡುಕಿ ಎಂದಳು.

ನಾನು ಧೈರ್ಯ ಹೇಳಿ ಅವಳನ್ನು ಕಳಿಸಿದೆ. ಅವಳು ಮೆಟ್ಟಿಲಿಳಿಯುವಾಗ, ಆ ಡಿಸ್ಕ್‌ಗಳನ್ನು ಎಳೆದದ್ದು ಯಾವಾಗ ಎಂದು ನೆನಪಿಸಿಕೊಳ್ಳಲು ನೋಡಿದೆ. ಎಳೆದ ಡಿಸ್ಕ್ ಕೈಗೆ ಬಿಸಿಯಾಗಿರುತ್ತದೆ, ಸ್ವಲ್ಪ ಭಾರ ಇರುತ್ತದೆ, ಗೂಡಿನ ಕೊಂಡಿ ಟಕ್ಕೆನ್ನುತ್ತದೆ. ಮಂಗಳವಾರದ್ದು ಅಂಥದ್ದೇನೂ ನೆನಪಿಗೆ ಬರಲಿಲ್ಲ. ಹೊಸ ಡಿಸ್ಕ್‌ಗಳ ಪೆಟ್ಟಿಗೆಯಲ್ಲಿದ್ದ ಗಾತ್ರದ ಚೀಟಿಯನ್ನು ಚೀಲದಿಂದ ತೆಗೆದು, ಆ ದಿನ ಯಂತ್ರ ತಾನಾಗಿ ಬರೆದುಕೊಟ್ಟ ವರದಿಯೊಂದಿಗೆ ಹೋಲಿಸಿದೆ. ವರದಿಯಲ್ಲಿದ್ದದ್ದು ಹಳೆಯ ಜೋಡಿಯ ಗಾತ್ರ.

ಹೇಳಲು ನಾಚಿಕೆಯಾಗುತ್ತದೆ, ಆದರೆ ಆಗಲೇ ಹೊರಡಲಿಲ್ಲ. ತೊಳೆದಿಟ್ಟ ಪಾತ್ರೆಗಳನ್ನು ಮತ್ತೆ ತೊಳೆದೆ. ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಅಡುಗೆಮನೆಗೆ ನಡೆದೆ. ಇದು ಗೊತ್ತಾದರೆ ಇನ್ನು ಯಾರೂ ನನ್ನನ್ನು ಸರ್ವರಿನ ಹತ್ತಿರ ಬಿಡುವುದಿಲ್ಲ. ಈ ಕಸುಬು ಬಿಟ್ಟು ನನಗೆ ಬೇರೇನೂ ಬರುವುದಿಲ್ಲ. ನಾನೇ ಹೋಗಿ ಸದ್ದಿಲ್ಲದೆ ಆ ಡಿಸ್ಕ್‌ಗಳನ್ನು ಎಳೆದು ಎಲ್ಲೋ ಒಂದು ಮೂಲೆಯಲ್ಲಿ ಸಿಕ್ಕಿದವು ಎಂದರೆ ಹೇಗೆ ಎಂಬ ಯೋಚನೆಯೂ ಬಂತು. ಇದನ್ನೂ ಬರೆಯಿರಿ. 9.05ಕ್ಕೆ ನನ್ನ ಗಂಡ ಏನಾಯಿತೆಂದು ಕೇಳಿದರು. ಎಲ್ಲ ಹೇಳಿದೆ. ಅವರು, "ಅವನು ನಿನ್ನ ಹೆಸರು ಹೇಳಿಲ್ವಾ?" ಎಂದಷ್ಟೇ ಕೇಳಿದರು. ಹೇಳಿದ್ದರೆ ಪೊಲೀಸರು ಮೊದಲು ನಮ್ಮ ಮನೆಗೆ ಬರಬೇಕಿತ್ತು. ನಾನು ಚೀಲ ತೆಗೆದುಕೊಂಡು ಹೊರಟೆ. ದಾರಿಯಲ್ಲಿ ಮ್ಯಾನೇಜರಿಗೆ ಹನ್ನೊಂದು ಸಲ ಫೋನ್ ಮಾಡಿದೆ, ಕಳ್ಳನ ಅತ್ತಿಗೆಯ ಫೋನನ್ನು ಅವರು ಎತ್ತಲಿಲ್ಲ.

ಮೈದುನ ನಿನ್ನೆ ಕೊಟ್ಟ ಹೇಳಿಕೆಯಲ್ಲಿ ಬೀಗ ಹಾಕಿದ್ದೆ, ಬೇರೆ ತಿಳಿಯದು ಎಂಬುದು ಬಿಟ್ಟರೆ ಏನೂ ಇಲ್ಲ, ನನ್ನ ಬಗ್ಗೆ ಒಂದು ಅಕ್ಷರವೂ ಇಲ್ಲ ಎಂದು ಸಾಹೇಬರು ತಿಳಿಸಿದರು. ಸಂಬಂಧಿಕಳಾದ್ದರಿಂದ ಅವನನ್ನು ಉಳಿಸಲು ನಾನು ಹೀಗೆ ಹೇಳುತ್ತಿರಬಹುದಲ್ಲ ಎಂದೂ ಕೇಳಿದರು. ಅದಕ್ಕೆ ನಾನು, ನನ್ನನ್ನು ನಂಬಬೇಡಿ, ಮೊದಲ ಮತ್ತು ಎರಡನೆಯ ಗೂಡನ್ನು ತೆರೆಸಿ ನೋಡಿ ಎಂದೆ. ಆಗ ಗೋಡೆಯ ಗಡಿಯಾರದಲ್ಲಿ 11.08. ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ, ಪೇದೆಯವರು ಎರಡು ಸಲ ಕೂರಲು ಹೇಳಿದರು.

11.14ಕ್ಕೆ ಸಾಹೇಬರು ಇಲ್ಲಿಂದಲೇ ಕಾರ್ಖಾನೆಗೆ ಫೋನ್ ಮಾಡಿದರು. ಎಲೆಕ್ಟ್ರಿಷಿಯನ್ ಬೇಗ ಬಂದು ಆರರಲ್ಲಿ ಎರಡು ಕ್ಯಾಮೆರಾಗಳನ್ನು 10.50ಕ್ಕೇ ಜೋಡಿಸಿದ್ದ. 11.17ಕ್ಕೆ ಯಂತ್ರ ಆರಿಸಲಾಯಿತು. ಎರಡು ಗೂಡುಗಳಿಂದ ಎಳೆದ ಡಿಸ್ಕ್‌ಗಳ ಮೇಲೆ ಹಳದಿ ಚೀಟಿಯಿದ್ದು, ಅದರಲ್ಲಿ ಕ್ಯಾಮೆರಾ ಎಂದು ಮೈದುನನ ಕೈಬರಹವಿದೆಯೆಂದು ಮ್ಯಾನೇಜರ್ ಫೋನಿನಲ್ಲೇ ಓದಿ ಹೇಳಿದರು. ಸಿಸ್ಟಂ ಬರೆದಿರುವುದು ಡಿಸ್ಕಿನ ಹತ್ತರಲ್ಲಿ ಒಂದು ಪಾಲು ಇರಬಹುದು. ಇಪ್ಪತ್ತೇಳು ನಿಮಿಷದ ಕ್ಯಾಮೆರಾ ದೃಶ್ಯ ಅದರ ಮೇಲೆ ಇನ್ನಷ್ಟು. ಅಳಿದದ್ದನ್ನು ಮರಳಿ ತೆಗೆಯುವ ಪ್ರಯೋಗಾಲಯಕ್ಕೆ ಕಳಿಸಿದರೆ ಶುಕ್ರವಾರದ ಆ ಹೊತ್ತು ಸಿಗಬಹುದು, ಸಿಗದೆಯೂ ಇರಬಹುದು. ಬೆರಳು ಕಳೆದುಕೊಂಡ ಆಕೆಗೆ ಇದನ್ನು ನಾನೇ ಎದುರು ನಿಂತು ಹೇಳಬೇಕು, ಹೇಳುತ್ತೇನೆ.

11.30ಕ್ಕೆ ಮೈದುನನನ್ನು ಹೊರಗಿನ ಬೆಂಚಿನಿಂದ ಈ ಕೋಣೆಗೆ ಕರೆಸಿ, ಅವನು ಮನೆಗೆ ಹೋಗಬಹುದೆಂದು ಸಾಹೇಬರು ತಿಳಿಸಿದರು. ಗಡ್ಡ ಬೆಳೆದಿತ್ತು, ಅಂಗಿಯ ಗುಂಡಿ ಒಂದು ತಪ್ಪಿ ಒಂದಕ್ಕೆ ಹಾಕಿಕೊಂಡಿದ್ದ. ಅವನು ಹೋಗದೆ, ಡ್ರಾಯರ್ ತೆರೆದು ನೋಡದೆ ಬೀಗ ಹಾಕಿದ್ದು ತಾನು, ಅದನ್ನೂ ಈ ಕಾಗದದಲ್ಲಿ ಬರೆಯಬೇಕು ಎಂದು ಪೇದೆಯವರನ್ನು ಕೇಳಿದ. ನಾನು ಬೇಡವೆಂದೆ. ಎಲ್ಲದನ್ನೂ ಮೂರು ಸಲ ನೋಡುವವನು ಅದೊಂದನ್ನು ಯಾಕೆ ತೆರೆದು ನೋಡಲಿಲ್ಲ ಎಂದು ಸಿಟ್ಟಿನಿಂದಲೇ ಕೇಳಿದೆ. ಅವನು, "ನೀವು ಹೇಳಿದ್ಮೇಲೆ ನಾನು ಯಾವತ್ತು ನೋಡಿದ್ದೀನಿ, ಅತ್ತಿಗೆ?" ಎಂದ.

ಈ ಮಾತನ್ನು ಬರೆಯಬೇಕೇ ಬೇಡವೇ ಎಂದು ಪೇದೆಯವರು ಕೇಳಿದರು. ಬರೆಯಿರಿ ಎಂದೆ.

ಮೇಲೆ ಬರೆದಿರುವುದೆಲ್ಲ ನಾನು ಹೇಳಿದಂತೆಯೇ ಇದೆ, ನಿಜವಾಗಿದೆ. ಯಾರ ಒತ್ತಾಯವೂ ಇಲ್ಲ. ಓದಿ ಹೇಳುತ್ತೇವೆಂದರೂ ಬೇಡವೆಂದು, ಪ್ರತಿ ಸಾಲನ್ನೂ ನಾನೇ ಓದಿ ನೋಡಿ ಸಹಿ ಹಾಕಿದ್ದೇನೆ.

ಸ್ಥಳ: ಠಾಣೆಯ ಬರಹದ ಕೋಣೆ
ದಿನ: ಗುರುವಾರ, ಬೆಳಿಗ್ಗೆ 11.52

(ಸಹಿ) ತಂತಿಯಕ್ಕ ಎಂದು ಕರೆಯಲ್ಪಡುವ ಹೇಳಿಕೆದಾರಳು
ನನ್ನ ಸಮಕ್ಷಮ: (ಸಹಿ) ಬರಹದ ಪೇದೆ