ಸಾಹುಕಾರನ ಕಾಯಿ ಕಡಿಯುವವರು ಯಾರು?

ಯಾವುದೋ ಒಂದು ಊರು ಅಂದುಕೊಳ್ಳಿ. ಅಲ್ಲೊಬ್ಬ ಶ್ರೀಮಂತ, ಅಕ್ಕಿ ಗಿರಣಿಯ ಸಾಹುಕಾರ. ಹೆಸರು ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲೇ ನಾಲ್ಕು ಜನ ಎದ್ದು ಹೋಗುತ್ತೀರಿ!

ಬೇಸಿಗೆ ರಜೆಗೆ ಮಗಳು ತನ್ನ ಹತ್ತು ವರ್ಷದ ಹುಡುಗಿಯನ್ನು ಕರೆದುಕೊಂಡು ತವರಿಗೆ ಬಂದಳು. ಸಾಹುಕಾರನಿಗೆ ಆ ಮೊಮ್ಮಗಳೆಂದರೆ ಪ್ರಾಣ. "ದಿನಾ ಸಂಜಿ ಆರಕ್ಕೆ ಎಲ್ಲಾರೂ ಕೂತು ಚೌಕಾಬಾರ ಆಡ್ಬೇಕು," ಎಂದು ಅಪ್ಪಣೆ ಮಾಡಿದ. ಒಳ್ಳೆಯದೇ ಅಲ್ಲವೇ? ನಡುಮನೆಯಲ್ಲಿ ಸೀಮೆಸುಣ್ಣದಿಂದ ಚೌಕ ಬರೆಸಿದ, ಮೊಬೈಲುಗಳನ್ನೆಲ್ಲ ಡಬ್ಬಿಗೆ ಹಾಕಿಸಿದ, ಮಂಡಕ್ಕಿ ಮೆಣಸಿನಕಾಯಿ ತರಿಸಿದ.

ಆಟ ನಿಮಗೆ ಗೊತ್ತಿದೆ. ಬೇರೆಯವರ ಒಂದು ಕಾಯನ್ನಾದರೂ ಕಡಿಯದೆ ನಮ್ಮ ಕಾಯಿ ಒಳಮನೆಗೆ ಹೋಗುವಂತಿಲ್ಲ. ಕಡಿಸಿಕೊಂಡ ಕಾಯಿ ಮತ್ತೆ ಮೊದಲಿನಿಂದ ಹೊರಡಬೇಕು. ಆದರೆ ನೋಡಿ, ಸಾಹುಕಾರನ ಕಾಯಿ ಕಡಿಯುವ ಧೈರ್ಯ ಯಾರಿಗಿದೆ? ಅವನ ಕಾಯಿ ಕಡಿಯಲು ಹೆಂಡತಿಗೆ ಕವಡೆಯಲ್ಲಿ ಸರಿಯಾಗಿ ಮೂರು ಬಿದ್ದರೂ ಬೇರೆ ಕಾಯಿ ನಡೆಸುತ್ತಿದ್ದಳು. "ಅಯ್ಯೋ, ನೋಡ್ಲೇ ಇಲ್ಲ ಕಣ್ರೀ!" ಮಗನದೂ ಅದೇ ಮಾತು. ಐದು ದಿನ ಆಟ, ಐದು ದಿನವೂ ಸಾಹುಕಾರನೇ ಗೆದ್ದ. "ನಿಮಗ್ಯಾರಿಗೂ ಆಟ ಬರಂಗಿಲ್ಲ ಬಿಡ್ರಿ," ಎಂದು ಮೀಸೆ ತಿರುವಿದ.

ಆರನೆಯ ದಿನ ಮೊಮ್ಮಗಳಿಗೆ ಎರಡು ಬಿತ್ತು. "ಅಜ್ಜಾ, ಕಡಿದೆ!" ಎಂದು ಚಪ್ಪಾಳೆ ತಟ್ಟಿತು ಮಗು. ಅಜ್ಜನ ಮುಖ ಕಪ್ಪಿಟ್ಟಿತು. "ಕವಡಿ ಸರಿಯಾಗಿ ಬಿದ್ದಿಲ್ಲ. ಮತ್ತೆ ಹಾಕು."

ಸರಿಯಾಗಿಯೇ ಬಿದ್ದಿತ್ತು. ಎಲ್ಲರೂ ಕಣ್ಣಾರೆ ನೋಡಿದ್ದರು. ಆದರೂ ಮಗ, "ಹೌದೌದು, ಒಂದು ಕವಡಿ ಚಾಪಿ ಕೆಳಗೆ ಹೋತು," ಎಂದ. ಹೆಂಡತಿ ಹೂಂಗುಟ್ಟಿದಳು. ಮಗು ತನ್ನ ತಾಯಿಯ ಮುಖ ನೋಡಿತು. ತಾಯಿ ತಲೆ ತಗ್ಗಿಸಿದಳು. ಹುಡುಗಿ ಎದ್ದು ನಿಂತು, "ನಾನು ಆಡಲ್ಲ. ಇನ್ಮೇಲೆ ರಜಕ್ಕೂ ಈ ಮನೆಗೆ ಬರಲ್ಲ," ಅಂದಳು.

ಸಾಹುಕಾರನಿಗೆ ಆ ಮಾತು ಮರೆಯಲಾಗಲಿಲ್ಲ. ಮಾರನೆಯ ದಿನ ಗಿರಣಿಯಲ್ಲಿ ಕೂರಲಾಗದೆ ನಾಲ್ಕು ಗಂಟೆಗೇ ಮನೆಗೆ ಬಂದ. ಒಳಗೆ ಏನು ಗದ್ದಲ ಅಂತೀರಿ! ಅವನಿಲ್ಲದಾಗ ಎಲ್ಲರೂ ಅದೇ ಚೌಕದ ಸುತ್ತ ಕೂತು ಆಡುತ್ತಿದ್ದಾರೆ, ಅವನ ಹೆಂಡತಿ ಕೂಗುತ್ತಿದ್ದಾಳೆ: "ಕಡಿಯೇ ಪುಟ್ಟಿ, ನಿಮ್ಮ ಮಾವನ್ನ ಬಿಡಬ್ಯಾಡ!" ಮೂವತ್ತೈದು ವರ್ಷದಲ್ಲಿ ಅವಳು ಹಾಗೆ ಕೂಗಿದ್ದನ್ನು, ಹಾಗೆ ನಕ್ಕಿದ್ದನ್ನು ಅವನು ಕೇಳಿರಲಿಲ್ಲ. ಹೊಸ್ತಿಲು ದಾಟಿದ. ನಗು ನಿಂತಿತು. ಹೆಂಡತಿ ಸೆರಗು ಸರಿಮಾಡಿಕೊಂಡು ಎದ್ದಳು, ಮಗ ಜಾಗ ಬಿಟ್ಟ.

ಅವನಿಗೆ ಸಿಟ್ಟು ಬಂತಾ? ಬಂತು. ಅಳು? ಅದೂ ಬಂತು. ಆದರೆ ಗಟ್ಟಿ ಮನಸ್ಸು ಮಾಡಿ ಮೊಮ್ಮಗಳ ಎದುರೇ ಕೂತ. "ನಿನ್ನೆ ನಿನ್ನ ಕವಡಿ ಸರಿಯಾಗೇ ಬಿದ್ದಿತ್ತವ್ವ. ಸುಳ್ಳು ಹೇಳಿದವ ನಾನು. ನನ್ನ ದೆಸೆಯಿಂದ ಇವರೂ ಹೇಳಿದ್ರು. ನನ್ನನ್ನೂ ಸೇರಿಸ್ಕೊಳ್ರಿ." ಹತ್ತು ವರ್ಷದ ಮಗುವಿಗೆ, ಎಲ್ಲರ ಮುಂದೆ! ನಮ್ಮಲ್ಲಿ ಎಷ್ಟು ಜನಕ್ಕೆ ಸಾಧ್ಯ ಇದು?

ಆ ದಿನ ಅವನ ಕಾಯಿ ಕಡಿದವಳು ಹೆಂಡತಿ. ಎಲ್ಲರೂ ಅವನ ಮುಖ ನೋಡಿದರು. ಸಾಹುಕಾರ ಹಲ್ಲು ಕಚ್ಚಿಕೊಂಡು ತನ್ನ ಕಾಯನ್ನು ತಾನೇ ಎತ್ತಿ ಮೊದಲಿನ ಮನೆಯಲ್ಲಿಟ್ಟ. "ನಡೀಲಿ ಆಟ," ಎಂದ. ಆ ಸಂಜೆ ಸೋತು ಎಲ್ಲರಿಗಿಂತ ಕೊನೆಗೆ ಉಳಿದವನು ಅವನೇ. ರಜೆ ಮುಗಿದು ಬಸ್ಸು ಹತ್ತುವಾಗ ಮಗು ಕಿಟಕಿಯಿಂದ ಕೂಗಿತು: "ಅಜ್ಜಾ, ದಸರಾ ರಜಕ್ಕೆ ಬಂದು ನಿಮ್ಮ ನಾಲ್ಕೂ ಕಾಯಿ ಕಡೀತೀನಿ!"

ನಗುತ್ತಿದ್ದೀರಲ್ಲ ಯಜಮಾನರೇ, ಈಗ ನಿಮ್ಮ ಮನೆಗೇ ಬರೋಣ. ಕೇರಂ ಇರಲಿ, ಹಾವು ಏಣಿ ಇರಲಿ, ನಿಮ್ಮನ್ನು ಸೋಲಿಸುವ ಧೈರ್ಯ ಮಾಡುವವರು ಒಬ್ಬರಾದರೂ ಇದ್ದಾರಾ? ಇಲ್ಲವೆಂದರೆ ನಿಮಗೆ ಸಿಗುತ್ತಿರುವುದು ಮರ್ಯಾದೆಯಲ್ಲ, ಹೆದರಿಕೆ. ಆಟದಲ್ಲೇ ನಿಮಗೆ ನಿಜ ಹೇಳಲಾಗದ ಮಗ ನಾಳೆ ಕಷ್ಟ ಬಂದಾಗ ಹೇಳುತ್ತಾನಾ? ತಾಯಂದಿರೇ, ನಿಮ್ಮನ್ನೂ ಬಿಡುವುದಿಲ್ಲ. 'ನೋಡ್ಲಿಲ್ಲ' ಎನ್ನುವ ಸುಳ್ಳು ಇವತ್ತಿಗೆ ಸಾಕು. ಈ ಭಾನುವಾರ ಕೂತು ಆಡಿ. ನಿಮ್ಮ ಕಾಯಿ ಕಡಿದರೆ ಬಾಯಿ ಮುಚ್ಚಿಕೊಂಡು ನೀವೇ ಎತ್ತಿಡಿ, ಕಡಿದವರ ಬೆನ್ನು ತಟ್ಟಿ. ಮಾಡುತ್ತೀರಾ? ಜೋರಾಗಿ ಹೇಳಿ, ನಿಮ್ಮ ಪಕ್ಕದಲ್ಲಿ ಕೂತ ಮಕ್ಕಳಿಗೆ ಕೇಳಿಸಲಿ!