ಸೆರಗಿನ ಗಂಟಲ್ಲಿದ್ದ ಮೆಣಸು

...ಅಲ್ಲ, ಡಾಕ್ಟ್ರು ಓದ್ತಾ ಓದ್ತಾನೇ ಕೆಲಸಕ್ಕೂ ಹೋಗ್ತಿದ್ದೆ ಅಂದ್ರೆ ಅದ್ರಲ್ಲಿ ನಗೋದೇನಿದೆ ಚಿನ್ನೂ? ಈಗ ಪುಲ್ಪಳ್ಳಿ ಬಸ್ಸಲ್ಲಿ ಡಾಕ್ಟ್ರಜ್ಜಿ ಅಂತ ಸೀಟು ಬಿಡ್ತಾರೆ, ಸರಿ. ಆಗ ವಯನಾಡು ಜಿಲ್ಲೆ ಆಗಿ ಒಂದು ವರ್ಷವೋ ಎರಡೋ, ಇರ್ಲಿ, ಹೊಸ ಜಿಲ್ಲೆ ಅಂತ ಇಟ್ಕೊಳ್ಳಿ. ನಮ್ಮೂರು ಚೇಕಾಡಿಯಿಂದ ಚುರ, ಅದೇ ಘಾಟಿ, ಇಳಿದು ಕೋಳಿಕ್ಕೋಡಿಗೆ ಹೋಗಿ ಮೆಡಿಕಲ್ ಕಾಲೇಜು ಸೇರಿದ ಮೊದಲನೇ ಹುಡುಗಿ ನಾನು. ಎರಡನೇ ವರ್ಷ, ಅಲ್ಲಲ್ಲ, ಮೂರನೇ ವರ್ಷ, ನಮ್ಮ ಮೆಣಸಿನ ಬಳ್ಳಿಗೆ ರೋಗ ಬಂದು ಎಲೆಯೆಲ್ಲ ಉದುರೋಯ್ತು. ಅಪ್ಪ ಬಂದು ಹಾಸ್ಟೆಲ್ ಗೇಟಲ್ಲಿ ನಿಂತು, "ಇನ್ನು ನನ್ನ ಕೈಲಾಗಲ್ಲ ಮಗಳೇ, ಮನೆಗೆ ಹೋಗಾಣ" ಅಂದ್ರು. ನಾನು ಬರಲ್ಲ ಅಂದೆ. ನಂಗೆ ಹಠ ಜಾಸ್ತಿ, ನಿಮ್ಮಮ್ಮನ್ನ ಕೇಳಿ.

ಕೆಲಸ ಏನು ಅಂತೀರಾ, ಮೆಣಸು ಕೇರೋದು. ಪೇಟೇಲಿ ಒಬ್ರು ವ್ಯಾಪಾರಿ ಕಾಕಾದು ಪಾಂಡಿಕಶಾಲೆ ಇತ್ತು, ಗೋಡೌನು ಅನ್ನಿ. ಕ್ಲಾಸು ಮುಗಿಸ್ಕೊಂಡು ಹೋಗಿ ಹೆಂಗಸರ ಸಾಲಲ್ಲಿ ಕೂತು, ಮೊರದಲ್ಲಿ ಕೇರಿ ಕೇರಿ ಜೊಳ್ಳು ಹಾರಿಸ್ಬೇಕು. ನಮ್ಮನೆ ಅಂಗಳದಲ್ಲಿ ಮಾಡಿದ ಕೆಲಸಾನೇ ಅದು. ಧೂಳಿಗೆ ಗಂಟಲು ಕಟ್ಟುತ್ತೆ ನೋಡಿ, ಅದಕ್ಕೆ ಅಲ್ಲಿ ಎಲ್ಲರೂ ನಾಲ್ಕು ಕಾಳು ಸೆರಗಿನ ತುದೀಲಿ ಗಂಟು ಹಾಕ್ಕೊಂಡು ಆಗಾಗ ಅಗಿಯೋರು. ನಾನೂ ಹಾಕ್ಕೊಂಡೆ. ಆದ್ರೆ ಕಾಲೇಜಲ್ಲಿ ಬಾಯಿ ಬಿಡಂಗಿಲ್ಲ. ವಾರ್ಡನ್ನು ಹಾಸ್ಟೆಲ್ ಸೇರಿದ ಮೊದಲನೇ ದಿನವೇ ಹೇಳಿದ್ರು, "ಹೊರಗೆ ಕೆಲಸಕ್ಕೆ ಹೋಗೋರಿಗೆ ಹಾಸ್ಟೆಲ್ ಇಲ್ಲ." ಹಾಸ್ಟೆಲ್ ಇಲ್ಲ ಅಂದ್ರೆ ಓದೂ ಇಲ್ಲ, ಸೀದಾ ಚೇಕಾಡಿ.

ಹಿಂಗಿರೋವಾಗ ಪರೀಕ್ಷೆ ಬಂತು. ಮಂಚದ ಮೇಲೆ ಒಬ್ಬ ಮುದುಕಪ್ಪ, ಅವನ ಎಡಪಕ್ಕೆ ಕೆಳಗೆ ಮುಟ್ಟಿ ಗುಲ್ಮ ಎಷ್ಟು ಊದಿದೆ ಹೇಳ್ಬೇಕು. ಬೇರೆ ಊರಿಂದ ಪರೀಕ್ಷೆ ಮಾಡಕ್ಕೆ ಬಂದ ದೊಡ್ಡ ಡಾಕ್ಟ್ರು ಪಕ್ಕದಲ್ಲೇ ನಿಂತಿದ್ರು. ಬೆವರಿತು. ಕೋಟಿನೊಳಗಿಂದ ಸೆರಗು ಎಳೆದು ಮುಖ ಒರೆಸ್ಕೊಂಡೆ. ಹಿಂದಿನ ದಿನ ಕೆಲಸಕ್ಕೆ ಉಟ್ಟಿದ್ದ ಸೀರೆನೇ ಅದು. ಕಣ್ಣು ಉರಿ ಅಂದ್ರೆ ಉರಿ, ನೀರು ಧಾರಾಕಾರ. ಡಾಕ್ಟ್ರು ಮೆತ್ತಗೆ, "ಅಳಬೇಡಮ್ಮ, ಗೊತ್ತಿರೋಷ್ಟು ಹೇಳು" ಅಂದ್ರು. ಅಷ್ಟರಲ್ಲಿ ಗಂಟು ಬಿಚ್ಚಿ ಕಾಳೆಲ್ಲ ಅವರ ಬೂಟಿನ ಹತ್ರ ಉರುಳಿದ್ವು. "ಇದೇನು?" ಅಂದ್ರು. ಪಕ್ಕದ ಮಂಚದ ಹತ್ರ ಇದ್ದ ಗೆಳತಿ, "ಕೆಮ್ಮಿಗೆ ಅಂತ ಹೇಳೇ" ಅಂತ ಪಿಸುಗುಟ್ಟಿದ್ಲು. ಅನ್ನಬಹುದಿತ್ತು, ನಂಬೋರು. ಆದ್ರೆ ನಾನು ಅಳ್ತಿದೀನಿ ಅಂದ್ಕೊಂಡ್ರಲ್ಲ, ಅದು ನಂಗೆ ತಡೆಯಕ್ಕಾಗ್ಲಿಲ್ಲ. "ಅಳ್ತಿಲ್ಲ ಸಾರ್, ಮೆಣಸಿನ ಖಾರ. ಸಂಜೆ ಗೋಡೌನಲ್ಲಿ ಕೇರೋ ಕೆಲಸ ಮಾಡ್ತೀನಿ. ಅದ್ರಿಂದಲೇ ಓದ್ತಿರೋದು." ಅಂದ್ಬಿಟ್ಟೆ. ಮುಗೀತು, ಇನ್ನು ಪೆಟ್ಟಿಗೆ ಕಟ್ಟೋದೇ ಅಂದ್ಕೊಂಡೆ.

ಅವರು ಬಗ್ಗಿ ಒಂದು ಕಾಳು ಎತ್ಕೊಂಡು ಮೂಸಿದ್ರು. "ಸಂಜೆ ನೀನು ಏನು ಮಾಡ್ತೀಯ ಅಂತ ನಾನು ಕೇಳಿಲ್ಲ, ನಾನು ವಾರ್ಡನ್ ಅಲ್ಲ. ಆ ಕೈಲಿ ಮಾತ್ರ ಇವರನ್ನ ಮುಟ್ಟಬೇಡ. ತೊಳ್ಕೊಂಡು ಬಾ" ಅಂದ್ರು. ಮಲಗಿದ್ದ ಮುದುಕಪ್ಪ ನಗ್ತಾ, "ಎರಡು ಕಾಳು ನಂಗೂ ಕೊಡು ಮಗಳೇ, ಬಾಯಿ ಸಪ್ಪೆ" ಅಂದ. ತೊಳ್ಕೊಂಡು ಬಂದೆ, ಮುಟ್ಟಿದೆ, ಹೇಳಿದೆ, ಪಾಸಾದೆ. ವಾರ್ಡನ್ ಕಿವಿಗೆ ಯಾರೂ ಹಾಕ್ಲಿಲ್ಲ. ಓದು ಮುಗಿಯೋವರೆಗೂ ಮೆಣಸು ಕೇರಿದೆ. ಅದಕ್ಕೇ ಹೇಳೋದು, ದುಡಿದ ಕೈ ಅಂತ ನಾಚ್ಕೋಬೇಡಿ, ದುಡಿದ ಕೈ ಅಂತ ತೊಳೀದೇನೂ ಇರಬೇಡಿ. ಏಳಿ, ಊಟಕ್ಕೆ.