ಕಂಪನಿ ಬೀರು

ಹೌದು ಅಕ್ಕಾ, ಒಪ್ಕೋತೀನಿ, ಫೋನ್ ಎತ್ಲಿಲ್ಲ! ನೀವು ಮಾಡಿದ ಒಂದೊಂದು ಕಾಲೂ ನೋಡಿದೆ, ಎತ್ಲಿಲ್ಲ. ಟಿನ್ ಫ್ಯಾಕ್ಟರಿ ಹತ್ರ ಜಾಮು... ಮುಂದೆ ಬಸ್ಸು, ಹಿಂದೆ ಬಸ್ಸು, ಪಕ್ಕದಲ್ಲಿ ಮೆಟ್ರೋದವರು ನಿಲ್ಲಿಸಿರೋ ತಗಡು. ಮಿಸುಕಾಡೋಕೆ ಆಗ್ಲಿಲ್ಲ. ಅದಕ್ಕೇ ಎತ್ಲಿಲ್ಲ, ಅಷ್ಟೇ. ಯಾಕೆ ಹಾಗ್ ನೋಡ್ತೀರಾ? ನಿಮ್ಮತ್ರ ಸುಳ್ ಹೇಳ್ತೀನಾ ನಾನು?

ಸ್ವಲ್ಪ ನೀರು... ಬೇಡ ಬೇಡ, ನೀವು ಏಳ್ಬೇಡಿ, ನಾನೇ ತಗೋತೀನಿ. ಅಬ್ಬಾ, ಈ ರೂಮು ಇಷ್ಟು ಸುಮ್ಮನಿರೋದು ನಾನು ನೋಡೇ ಇರ್ಲಿಲ್ಲ. ಯಾವಾಗ್ ಬಂದ್ರೂ ಮಿಷಿನ್‌ಗಳು ಕುಂಯ್ ಕುಂಯ್ ಅಂತಿರ್ತಿದ್ವು, ಯಾರೋ ಒಬ್ರು ನರಳ್ತಿರ್ತಿದ್ರು, ನೀವು ಗದರ್ತಿರ್ತಿದ್ರಿ. ಈಗ ಬರೀ ಶಿವಾಜಿನಗರದ ಬಸ್ಸಿನ ಹಾರನ್ನು.

ಚಾಂದ್ ಬೀ ಹೇಗಿದ್ದಾರೆ? ಇನ್ನೂ ಐಸಿಯುನಲ್ಲೇನಾ? ಉಸಿರಿಗೆ ಮಿಷಿನ್ ಹಾಕಿದ್ದಾರಾ?... ತಲೆಯಾದ್ರೂ ಆಡಿಸಿ ಅಕ್ಕಾ, ಹೌದು ಅಂತಾನೋ ಇಲ್ಲ ಅಂತಾನೋ... ಹೂಂ. ಆದ್ರೆ ಅಲ್ಲಿ ಡಯಾಲಿಸಿಸ್ ಶುರು ಮಾಡಿದಾರಂತೆ. ಇಷ್ಟು ಹೊತ್ತಿಗೆ ಮೈಯಲ್ಲಿರೋ ನೀರು ಇಳಿದಿರುತ್ತೆ. ಇಳೀಬೇಕು. ಯಾವುದೋ ಮದುವೆಗೆ ಹೋಗಿ ಹಿಂದಿನ ಸಲ ತಪ್ಪಿಸಿದ್ರಂತಲ್ಲ, ಇವತ್ತು ಬರೋವಾಗ್ಲೇ ಕಾಲು ಊದಿತ್ತು, ಏದುಸಿರು ಬಿಡ್ತಿದ್ರು ಅಂತ... ನೋಡಿ, ಅದೂ ಒಂದು ಕಾರಣ. ಅವರು ಹಾಗೆ ತಪ್ಪಿಸ್ಬಾರ್ದಿತ್ತು... ಇಲ್ಲಕ್ಕಾ! ಅವರ ಮೇಲೆ ಹಾಕ್ತಿಲ್ಲ! ಛೆ, ನನ್ ಬಾಯಿಗೆ ಮಣ್ಣು ಬೀಳ.

ನಡೆದಿದ್ದು ಏನು ಅಂತ ನೆಟ್ಟಗೆ ಹೇಳ್ಬಿಡ್ತೀನಿ, ಆಮೇಲೆ ಎಷ್ಟು ಬೇಕಾದ್ರೂ ಬೈಯಿರಿ. ಹಿಂದಿನ ರೂಮಲ್ಲಿ ನೀರು ಶುದ್ಧ ಮಾಡೋ ಪ್ಲಾಂಟ್ ಇದ್ಯಲ್ಲ, ಅದರ ಪಂಪು ಸುಟ್ಟೋಯ್ತು. ಪಂಪ್ ಹೋದ್ರೆ ನೀರಿಲ್ಲ, ನೀರಿಲ್ದೆ ಡಯಾಲಿಸಿಸ್ ಇಲ್ಲ. ಎಲ್ಲಾ ಮಿಷಿನ್ನೂ ಒಟ್ಟಿಗೆ ಮಲಗಿದ್ವು. ಹೀಗಾಗ್ಬಾರ್ದು ಅಂತಾನೇ ಅಲ್ವಾ, ಇನ್ನೊಂದು ಪಂಪು ಸದಾ ಇಲ್ಲೇ ಇಟ್ಟಿರ್ತೀವಿ ಅಂತ ನಿಮಗೆ ಬರ್ಕೊಟ್ಟಿದ್ದು? ಇಟ್ಟಿದ್ವಿ. ಕಂಪನಿ ಬೀರುನಲ್ಲಿ, ಕಂಪನಿ ಬೀಗ ಹಾಕಿ. ನೀವು ಚಾಂದ್ ಬೀ ಜೊತೆ ಆಂಬುಲೆನ್ಸ್ ಹತ್ತಿ ಹೋದ್ಮೇಲೆ ನಮ್ಮ ಟೆಕ್ನಿಷಿಯನ್ ದೀಪು ಬಂದಿದ್ದಾನೆ. ಬೀಗ ತೆಗೆದಿದ್ದಾನೆ. ಪಂಪ್ ಆಚೆ ತೆಗೆದು ನೋಡ್ತಾನೆ, ಅದೂ ಸತ್ತಿದೆ! ತೇವ ಹಿಡಿದು ಒಳಗಿನ ಕಾಯಿಲ್ ಹೋಗಿದೆ. ಏನ್ ಮಾಡ್ತಾನೆ ಪಾಪ, ಎತ್ಕೊಂಡು ಹೋದ. ಗ್ರಹಚಾರ ಅಕ್ಕಾ. ಯಾರನ್ನ ಬೈಯೋದು?

...ಯಾಕೆ ನನ್ನ ಬೆನ್ನ ಹಿಂದೆ ನೋಡ್ತಿದೀರಾ? ಯಾರಾದ್ರೂ ಬಂದ್ರಾ? ಮುಬೀನ್ ಭಾಯ್ ಬಂದ್ರಾ? ಇಲ್ವಾ... ಸರಿ. ತಾಯಿನ ಆ ಸ್ಥಿತೀಲಿ ಬಿಟ್ಟು ಮಗ ಇಲ್ಲಿಗ್ಯಾಕೆ ಬರ್ತಾರೆ.

ನಾನು ಯಾರಿಗೂ ಕೆಟ್ಟದ್ದು ಮಾಡೋಕೆ ಹೊರಟೋನಲ್ಲ, ನಿಮಗೇ ಗೊತ್ತು. ಮುಂಚೆ ಹೇಗಿತ್ತು ನೆನಪು ಮಾಡ್ಕೊಳ್ಳಿ. ಮಿಷಿನ್ ಕೆಟ್ಟಷ್ಟೂ ರಿಪೇರಿ ಕಂಪನಿಗೆ ಹಬ್ಬ. ಬಂದ್ರೆ ಬಿಲ್ಲು, ಬಿಚ್ಚಿದ್ರೆ ಬಿಲ್ಲು, ಮುಚ್ಚಿದ್ರೆ ಇನ್ನೊಂದು ಬಿಲ್ಲು. ನಾನು ತಂದಿದ್ದು ಉಲ್ಟಾ ಕಾಂಟ್ರ್ಯಾಕ್ಟು! ಮಿಷಿನ್ ಓಡಿದ್ರೆ ಮಾತ್ರ ನಮಗೆ ದುಡ್ಡು, ನಿಂತ್ರೆ ನಾವೇ ದಂಡ ಕಟ್ಬೇಕು. ಇದಕ್ಕಿಂತ ನ್ಯಾಯ ಏನಿದೆ ಹೇಳಿ? ಟ್ರಸ್ಟಿನ ಶ್ರೀರಾಮಪ್ಪನೋರು ಆದ್ರೂ ಅನುಮಾನ ಪಟ್ರು. ಆಗ ನೀವು ಎದ್ದು ನಿಂತು, "ಇವನು ನಮ್ಮ ಮರ್ಫಿ ಟೌನಿನ ಶ್ರೀನಾಥ ಸಾರ್, ನನ್ನ ಕೈಲೇ ಇಂಜೆಕ್ಷನ್ ಚುಚ್ಚಿಸ್ಕೊಂಡು ಬೆಳೆದೋನು, ಸಹಿ ಹಾಕಿ" ಅಂದ್ರಿ. ಹಾಕಿದ್ರು. ಜಯಮಾಲಾ ಸಿಸ್ಟರ್ ಮುಖ ನೋಡಿ ಹಾಕಿದ್ರು, ನನ್ ಮುಖ ನೋಡಿ ಅಲ್ಲ.

ಸಹಿಗೂ ಮುಂಚೆ ಲ್ಯಾಪ್‌ಟಾಪಲ್ಲಿ ಆ ಬಣ್ಣದ ಚುಕ್ಕಿ ತೋರಿಸಿದ್ನಲ್ಲ... ಸಿಮ್ಯುಲೇಷನ್ನು. ಮಕ್ಕಳು ಮನೆಯಾಟ ಆಡ್ತಾವಲ್ಲ, ಹಾಗೇ ಅದು. ಊರೂ ಇರುತ್ತೆ, ಆಸ್ಪತ್ರೆನೂ ಇರುತ್ತೆ, ನಿಜವಾದ್ದು ಯಾವ್ದೂ ಇರಲ್ಲ. ಅದರೊಳಗೆ ಪಂಪು ಕೆಡುತ್ತೆ, ಚುಕ್ಕಿ ಕೆಂಪಾಗುತ್ತೆ, ಹೊರಮಾವಿನ ಗೋಡೌನಿಂದ ವ್ಯಾನ್ ಹೊರಡುತ್ತೆ, ಜಾಮಲ್ಲಿ ನಿಲ್ಲುತ್ತೆ, ಬಂದು ರಿಪೇರಿ ಆಗುತ್ತೆ, ಹಸಿರಾಗುತ್ತೆ. ಒಂದು ಕಾಫಿ ಕುಡಿಯೋದ್ರೊಳಗೆ ಎಷ್ಟೋ ವರ್ಷ ಓಡಿಸಿ ನೋಡ್ಬಹುದು. ಎಷ್ಟು ಪಂಪ್ ಬೇಕು, ಎಲ್ಲಿ ಇಡ್ಬೇಕು, ಎಷ್ಟು ದಂಡ ಬೀಳ್ಬಹುದು, ಎಲ್ಲಾ ಅದೇ ಹೇಳುತ್ತೆ. ಅದು ಹೇಳಿದ ಮೇಲೇ ನಾವು ರೇಟು ಬರೆಯೋದು. ಆವತ್ತು ಶ್ರೀರಾಮಪ್ಪನೋರು ಕನ್ನಡಕ ಏರಿಸ್ಕೊಂಡು ನೋಡ್ತಿದ್ರು. ನೀವು ಮಾತ್ರ, "ಇದ್ರಲ್ಲಿ ಪೇಷೆಂಟ್ ಎಲ್ಲಿದ್ದಾರೋ?" ಅಂದ್ರಿ. ಪೇಷೆಂಟ್ ಬೇಕಿಲ್ಲ ಅಕ್ಕಾ, ಮಿಷಿನ್ ಓಡಿದ್ರೆ ಪೇಷೆಂಟ್ ಚೆನ್ನಾಗೇ ಇರ್ತಾರೆ ಅಂದೆ. ಎಲ್ಲರೂ ನಕ್ರು. ನೀವು... ನೀವು ನಗ್ಲಿಲ್ಲ ಅಲ್ವಾ?

ಅದಿರ್ಲಿ. ನಾನು ಬಂದಿದ್ದು ಬೇರೆ ವಿಷಯಕ್ಕೆ. ಕೋಪ ಮಾಡ್ಕೋಬೇಡಿ. ನಾಳೆ ಟ್ರಸ್ಟ್ ಮೀಟಿಂಗಲ್ಲಿ ಕೇಳೇ ಕೇಳ್ತಾರೆ, ಯಾಕೆ ಹೀಗಾಯ್ತು ಅಂತ. ನೀವು ಒಂದೇ ಒಂದ್ ಮಾತು ಹೇಳಿದ್ರೆ ಸಾಕು. ಟ್ಯಾಂಕರ್ ನೀರಲ್ಲಿ ಮಣ್ಣಿತ್ತು, ಅದಕ್ಕೇ ಪಂಪ್ ಸುಟ್ಟೋಯ್ತು, ಅಂತ. ಸುಳ್ಳಲ್ಲ ಅಕ್ಕಾ! ಫಿಲ್ಟರ್ ತೆಗೆದು ನೋಡಿ, ಇಟ್ಟಿಗೆ ಥರ ಕೆಂಪಗಿರುತ್ತೆ. ನೀರು ಕೆಟ್ಟಿದ್ರೆ ಅದು ಸೆಂಟರಿನವರ ಜವಾಬ್ದಾರಿ, ಕಾಂಟ್ರ್ಯಾಕ್ಟ್ ಲೆಕ್ಕಕ್ಕೆ ಬರಲ್ಲ, ಬೀರು ವಿಷಯಾನೇ ಏಳಲ್ಲ... ಅಂದ್ರೆ, ಪಂಪ್ ವಿಷಯ. ಬೀರು ಅಂತ ಯಾಕೆ ಅಂದ್ನೋ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ. ನೀವಿನ್ನೂ ಕಳ್ಳ ಅಂತಾನೂ ಅಂದಿಲ್ಲ, ನಾನಾಗ್ಲೇ ಮುಟ್ಕೋತಾ ಇದೀನಿ!

ಹೌದು, ಟ್ಯಾಂಕರ್ ತರಿಸೋದು ನೀವೇ. ಗೊತ್ತು. ಆದ್ರೆ ನಿಮ್ಮನ್ನ ಯಾರು ಏನಂತಾರೆ? ಈ ಸೆಂಟರ್ ಶುರುವಾದಾಗಿಂದ ಇದೀರಿ, ನಿಮ್ಮ ಮೇಲೆ ಬೆರಳು ತೋರಿಸೋ ಗಂಡು ಈ ಟ್ರಸ್ಟಲ್ಲಿ ಯಾರಿದ್ದಾರೆ? ನಾಲ್ಕು ದಿನ ಗುಸುಗುಸು ಅಂತಾರೆ, ಮರೀತಾರೆ. ನಾನಾದ್ರೆ ಮನೆಗೆ ಹೋಗ್ತೀನಿ ಅಕ್ಕಾ. ಕೆಲಸ ಹೋಗುತ್ತೆ. ನಮ್ಮಮ್ಮನಿಗೆ ಏನಂತ ಹೇಳ್ಲಿ? ನೀವಾದ್ರೂ ಏನಂತ ಹೇಳ್ತೀರಾ, ದಿನಾ ಬೆಳಿಗ್ಗೆ ನಲ್ಲಿ ಹತ್ರ ಸಿಕ್ತಾರಲ್ಲ?

ಮಾತಾಡಿ ಅಕ್ಕಾ. ಬೈಯಿರಿ. ನಿಮಗೆ ಸುಮ್ಮನಿರೋಕೆ ಯಾವತ್ತು ಬರ್ತಿತ್ತು?

ಮತ್ತೆ ಅಲ್ಲೇ ನೋಡ್ತೀರಾ! ಏನಿದೆ ಅಲ್ಲಿ, ನಾನೂ ನೋಡ್ತೀನಿ...

...ಓ.

ಬೀರು ಬಾಗಿಲು ತೆಗೆದೇ ಇದೆ. ಒಳಗೆ ಬರೋವಾಗ ನೋಡ್ಲಿಲ್ಲ ನಾನು, ತಲೆ ಎತ್ತಿದ್ರೆ ತಾನೇ... ದೀಪು, ಅವನೇ ಹಾಗೇ ಬಿಟ್ಟು ಹೋಗಿರ್ಬೇಕು. ಬೇಜವಾಬ್ದಾರಿ ಹುಡುಗ. ಇರಿ, ಹಾಕ್ಬಿಡ್ತೀನಿ. ಬೀಗ ಎಲ್ಲೋಯ್ತು... ಅಕ್ಕಾ, ಇದು ಕೀ ಹಾಕಿ ತೆಗೆದಿದ್ದಲ್ಲ. ಚಿಲಕಾನೇ ಕಿತ್ತಿದೆಯಲ್ಲ! ಯಾರು ಹೀಗೆ...

ನಿಮ್ ಕೈಗೇನಾಯ್ತು? ಆಗಿಂದ ಸೆರಗಲ್ಲಿ ಮುಚ್ಕೊಂಡಿದ್ರಿ, ಸುಮ್ನೆ ಅನ್ಕೊಂಡೆ. ಆ ಬ್ಯಾಂಡೇಜು...

ನೀವಾ?

ಯಾವಾಗ? ಆಂಬುಲೆನ್ಸ್ ಬಂದ್ಮೇಲಾ?... ಮುಂಚೆನೇನಾ? ಪಂಪ್ ನಿಂತ ತಕ್ಷಣ? ನನಗೆ ಫೋನ್ ಮೇಲೆ ಫೋನ್ ಮಾಡಿ, ನಾನು ಎತ್ತದೇ ಹೋದಾಗ...

ಹಾಗಾದ್ರೆ ನಾನು ಬಂದು ಕೂತಾಗ್ಲೇ ನಿಮಗೆ ಗೊತ್ತಿತ್ತು. ತೇವ ಹಿಡೀತು ಅಂದೆ, ಕಾಯಿಲ್ ಹೋಯ್ತು ಅಂದೆ, ದೀಪು ಎತ್ಕೊಂಡು ಹೋದ ಅಂದೆ. ಎಲ್ಲಾ ಕೇಳಿಸ್ಕೊಂಡ್ರಿ. ಒಂದು ಮಾತಿಗೂ ತಡೀಲಿಲ್ಲ. ಬೆಕ್ಕು ಕಣ್ಮುಚ್ಕೊಂಡು ಹಾಲು ಕುಡಿಯೋದನ್ನ ನೋಡ್ದಂಗೆ ನೋಡ್ತಾ ಕೂತಿದ್ರಿ.

ಮುಚ್ಚಿ ಏನ್ ಪ್ರಯೋಜನ ಇನ್ನು. ಒಳಗಿನ ಶೆಲ್ಫ್ ಮೇಲೆ ಧೂಳು ನೋಡಿ, ಒಂದು ಗೀರೂ ಇಲ್ಲ. ಇರ್ಲಿಲ್ಲ ಅಕ್ಕಾ. ಯಾವತ್ತೂ ಇರ್ಲಿಲ್ಲ. ಗೋಡೌನಲ್ಲಿ ಹೆಚ್ಚಿಗೆ ಇದ್ದಿದ್ದು ಒಂದೇ ಪಂಪು. ಕೆ.ಆರ್. ಪುರದ ದೊಡ್ಡ ಆಸ್ಪತ್ರೆಗೂ ಅದೇ ತೋರಿಸಿದ್ವಿ, ನಿಮಗೂ ಅದೇ ತೋರಿಸಿದ್ವಿ, ಕಾಗದದಲ್ಲಿ. ಎರಡೂ ಕಡೆ ಒಂದೇ ದಿನ ಕೆಡೋದು ನಮ್ಮ ಜನ್ಮದಲ್ಲಿ ನಡೆಯಲ್ಲ ಅಂತ ಆ ಲ್ಯಾಪ್‌ಟಾಪ್ ಹೇಳ್ತು...

ಲ್ಯಾಪ್‌ಟಾಪ್ ಹೇಳ್ತು ಅಂತೀನಿ ನೋಡಿ, ಇನ್ನೂ! ಅದಕ್ಕೆ ಹೇಳ್ಕೊಟ್ಟಿದ್ದು ಯಾರು? ಬೇಸಿಗೇಲಿ ಬಸಣ್ಣನ ಟ್ಯಾಂಕರೇ ಇಲ್ಲಿಗೂ ಬರುತ್ತೆ, ಆ ಆಸ್ಪತ್ರೆಗೂ ಹೋಗುತ್ತೆ ಅಂತ ನೀವೇ ಹೇಳಿದ್ರಿ ನನಗೆ, ಮಾತಿಗೆ ಮಾತು ಬಂದು. ಒಂದೇ ನೀರು ಅಂದ್ಮೇಲೆ ಎರಡು ಪಂಪೂ ಒಟ್ಟಿಗೇ ಕೆಡುತ್ತೆ, ಅದು ಗೊತ್ತಾಗೋಕೆ ಇಂಜಿನಿಯರ್ ಆಗ್ಬೇಕಾ? ನಾನು ಆಫೀಸಿಗೆ ಹೋಗಿ ಅದನ್ನೂ ಹಾಕಿ ಓಡಿಸಿದೆ. ಪರದೆ ತುಂಬಾ ಕೆಂಪು. ಎರಡು ಕಡೆಗೂ ಬೇರೆ ಬೇರೆ ಪಂಪು ಬೇಕೇ ಬೇಕು ಅಂತು. ಹಾಗೆ ಮಾಡಿದ್ರೆ ರೇಟು ಏರುತ್ತೆ, ಕಾಂಟ್ರ್ಯಾಕ್ಟ್ ಇನ್ನೊಬ್ರ ಪಾಲಾಗುತ್ತೆ. ಅದಕ್ಕೇ ಬಸಣ್ಣನ ಟ್ಯಾಂಕರನ್ನ ಲೆಕ್ಕದಿಂದ ತೆಗೆದುಬಿಟ್ಟೆ. ಹಸಿರಾಯ್ತು. ಆ ಹಸಿರನ್ನೇ ನಿಮಗೆಲ್ಲ ತೋರಿಸಿದ್ದು.

ಜಾಮೂ ಇರ್ಲಿಲ್ಲ. ಕೆ.ಆರ್. ಪುರದಲ್ಲೇ ಇದ್ದೆ. ಅಲ್ಲೂ ಬೆಳಿಗ್ಗೆನೇ ಕೆಟ್ಟಿತ್ತು. ಅವರದ್ದು ನಿಂತ್ರೆ ದಂಡ ಜಾಸ್ತಿ, ನಿಮ್ದು ಧರ್ಮದ ಸೆಂಟರ್ರು, ಕಮ್ಮಿ. ಪಂಪ್ ಮೊದಲು ಅಲ್ಲಿಗೇ ಅಂತ ಯಾರೂ ಹೇಳ್ಬೇಕಾಗಿರ್ಲಿಲ್ಲ, ನಾನೇ ಮುಂಚೆನೇ ಬರೆದಿಟ್ಟಿದ್ದೆ. ದೀಪು ಕೂತು ಬೋಲ್ಟ್ ಬಿಗೀತಿದ್ದ. ನಿಮ್ ಫೋನ್ ಬರ್ತಾನೇ ಇತ್ತು. ಅವನು ತಲೆ ಎತ್ತಿ ನನ್ನನ್ನೇ ನೋಡಿದ. ಮನೆಯಿಂದ ಕಣೋ ಅಂದೆ.

ನಾಚಿಕೆ ಆಗುತ್ತೆ ಅಕ್ಕಾ. ನಿಮ್ ಎದುರಿಗೆ ಕೂರೋಕೇ ನಾಚಿಕೆ.

ನೀವು ಬೀಗ ಒಡೆಯೋವಾಗ ಚಾಂದ್ ಬೀ ಇಲ್ಲೇ ಇದ್ರಾ?... ಇದ್ರಾ ಅಂತ ಕೇಳ್ದೆ. ನೋಡಿದ್ರಾ ಅವರು? ಇದನ್ನ? ಖಾಲಿ ಇರೋದನ್ನ?

ಅಯ್ಯೋ ದೇವ್ರೇ. ಅಳ್ಬೇಡಿ ಅಕ್ಕಾ... ಅಳ್ಬೇಡಿ.

ಬೆಡ್ಡಿಗೆ ಹೋಗೋ ಮುಂಚೆ ಅವರು ಬಿಸ್ಮಿಲ್ಲಾ ಅಂತ ಈ ಬೀರು ಬಾಗಿಲ ಮೇಲೆ ಕೈಯಿಟ್ಟು ಹೋಗ್ತಿದ್ರಲ್ಲ, ಅದನ್ನೇ ಯೋಚಿಸ್ತಿದೀರಾ? ನನಗೂ ಗೊತ್ತು. ನಾನೂ ನೋಡಿದೀನಿ. ಒಂದ್ಸಲ ಇನ್‌ಸ್ಪೆಕ್ಷನ್‌ಗೆ ಅಂತ ಬಂದಿದ್ದೆ, ನನ್ನ ಎದುರಿಗೇ ಕೈಯಿಟ್ರು. "ಬೇಟಾ, ಇದು ನಿಮ್ದೇ ಅಂತಲ್ಲ? ಇದು ಇರೋದಕ್ಕೆ ನಂಗೆ ಭಯ ಇಲ್ಲ" ಅಂದ್ರು. ಫ್ಲಾಸ್ಕಿಂದ ಟೀ ಬಗ್ಗಿಸಿ ಕೊಟ್ರು. ಬೀರು ಕೀ ನನ್ನ ಜೇಬಲ್ಲೇ ಇತ್ತು.

ಹೌದಮ್ಮಾ ಅಂದೆ ಅಕ್ಕಾ. ಹೌದಮ್ಮಾ ಅಂತ ಹೇಳಿ, ಅವರು ಕೊಟ್ಟ ಟೀ ಕುಡಿದೆ.